ಭಾನುವಾರ ಹತ್ತು ಗಂಟೆಗೆ

ಕಳೆದ ವಾರ ಮೈಲಾಪೂರಿನ ಮದುವೆಯೊಂದರಲ್ಲಿ ಹಳೇ ಪರಿಚಯದ ಹೆಂಗಸೊಬ್ಬರು ಸಿಕ್ಕಿದರು. ಎರಡು ನಿಮಿಷ ಮಾತಾಡಿ, ಎಲ್ಲರೂ ಹೇಳುವುದನ್ನೇ ನಾನೂ ಹೇಳಿದೆ: "ಒಂದ್ಸಲ ಮನೆ ಕಡೆ ಬನ್ರೀ."

ಪಕ್ಕದಲ್ಲಿದ್ದ ಅವರ ಮಗಳು, ಕಾಲೇಜು ಹುಡುಗಿ, ತಕ್ಷಣ ಕೇಳಿದಳು: "ಯಾವತ್ತು ಆಂಟಿ? ಎಷ್ಟು ಗಂಟೆಗೆ?"

ತಾಯಿಯ ಮುಖ ಸಣ್ಣದಾಯಿತು. "ಅವಳಿಗೆ ಆಟಿಸಂ ಇದೆ. ತಪ್ಪು ತಿಳ್ಕೋಬೇಡಿ" ಎಂದು ಪಿಸುಗುಟ್ಟಿದರು.

ತಪ್ಪಾ? ನನಗೆ ವನಜಾ ನೆನಪಾದಳು.

ಎಪ್ಪತ್ತೆಂಟನೇ ಇಸವಿ. ಚೆನ್ನೈ ಆಗಿನ್ನೂ ಮದ್ರಾಸ್. ನಾನು ಯೂನಿವರ್ಸಿಟಿಯಲ್ಲಿ ಎಂ.ಎಸ್ಸಿ. ಓದುತ್ತಿದ್ದೆ (ಓದುತ್ತಿದ್ದೆ ಎನ್ನುವುದು ನಮ್ಮಪ್ಪನ ನಂಬಿಕೆ). ವನಜಾ ನನ್ನ ಕ್ಲಾಸ್‌ಮೇಟ್. ಉಡುಪಿ ಕಡೆಯವಳು, ತ್ರಿಪ್ಲಿಕೇನಿನ ಹಾಸ್ಟೆಲ್‌ನಲ್ಲಿದ್ದಳು. ಯಾರ ಮುಖವನ್ನೂ ನೋಡದೆ ಮಾತಾಡುವಳು. ಜೋಕಿಗೆ ನಾವೆಲ್ಲ ನಕ್ಕು ಮುಗಿಸಿದ ಮೇಲೆ "ಯಾಕೆ ನಕ್ಕದ್ದು?" ಎನ್ನುವಳು. ಅವಳು ಕ್ಯಾಂಟೀನಿಗೆ ಬಂದರೆ ನಮ್ಮ ಟೇಬಲ್ಲಿನ ಮಾತು ನಿಲ್ಲುತ್ತಿತ್ತು. "ಅವ ಒರು ಮಾದಿರಿ" ಎನ್ನುತ್ತಿದ್ದರು ತಮಿಳು ಗೆಳತಿಯರು. ಒಂಥರಾ ಹುಡುಗಿ! ಆಟಿಸಂ ಎಂಬ ಪದ ನಮಗ್ಯಾರಿಗೆ ಗೊತ್ತಿತ್ತು?

ಒಂದು ಸಂಜೆ ಬಸ್‌ಸ್ಟಾಪಿನಲ್ಲಿ, ಬರೀ ಬಾಯಿಮಾತಿಗೆ, "ಭಾನುವಾರ ಮನೆಗೆ ಬಾರೇ" ಅಂದೆ. "ಎಷ್ಟು ಗಂಟೆಗೆ?" ಅಂದಳು. "ಹತ್ತಕ್ಕೆ" ಅಂದುಬಿಟ್ಟೆ.

ಬಂದಳು. ಸರಿಯಾಗಿ ಹತ್ತಕ್ಕೆ! ಅಮ್ಮನ ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹನ್ನೆರಡಕ್ಕೆ ಎದ್ದು ಹೋದಳು. ಮುಂದಿನ ಭಾನುವಾರವೂ ಬಂದಳು. ಅದರ ಮುಂದಿನ ಭಾನುವಾರವೂ. ಇಡೀ ಮದ್ರಾಸಿನಲ್ಲಿ ತನ್ನನ್ನು ಕರೆದ ಮನೆ ಇದೊಂದೇ ಎಂದು ಅಮ್ಮನ ಹತ್ತಿರ ಹೇಳಿದ್ದಳಂತೆ. ಅಮ್ಮನಿಗಂತೂ ಅವಳೆಂದರೆ ಇಷ್ಟ. ("ಉಪ್ಪು ಜಾಸ್ತಿ ಆದ್ರೆ ಜಾಸ್ತಿ ಅಂತ ಬಾಯ್ಬಿಟ್ಟು ಹೇಳೋಳು ಇವಳೊಬ್ಳೇ ಕಣೇ.")

ಆರನೇ ಭಾನುವಾರ ನನ್ನ ಕ್ಯಾಂಟೀನ್ ಗ್ಯಾಂಗು ಮನೆಗೆ ಬಂತು. ಅವರೆದುರು ವನಜಾ? ನನ್ನ ಮರ್ಯಾದೆ ಏನಾಗಬೇಕು! ಅಮ್ಮ ಅಂಬತ್ತೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದಳು. ನಾನು ಒಳಗಿಂದ ಚಿಲಕ ಹಾಕಿದೆ.

ಹತ್ತಕ್ಕೆ ಬೆಲ್ ಆಯಿತು. ಮೂರು ಸಲ. ನಾವು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕೆವು.

ಸೋಮವಾರ ಕ್ಲಾಸಿನಲ್ಲಿ ವನಜಾ ನನ್ನ ಬೆಂಚಿನ ಪಕ್ಕ ಬಂದು ನಿಂತಳು. ಸಿಟ್ಟೇನೂ ಇರಲಿಲ್ಲ. "ನೀನು ಒಳಗೇ ಇದ್ದಿ. ನಗು ಕೇಳ್ತಿತ್ತು. ನಾನು ಹನ್ನೆರಡರವರೆಗೆ ಮೆಟ್ಟಿಲಲ್ಲಿ ಕೂತಿದ್ದೆ. ಬರಬೇಡ ಅಂದಿದ್ರೆ ಬರ್ತಿರ್ಲಿಲ್ಲ. ಅಷ್ಟು ಹೇಳ್ಲಿಕ್ಕೆ ಕಷ್ಟ ಉಂಟಾ?"

ಕಷ್ಟವಿತ್ತಾ? ಅಯ್ಯೋ, ನಾಚಿಕೆಯಿಂದ ಭೂಮಿಗಿಳಿದು ಹೋದೆ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅಮ್ಮ ಹತ್ತೂವರೆವರೆಗೆ ಬಾಗಿಲಿಗೂ ಒಲೆಗೂ ಓಡಾಡಿದಳು. ತಡೆಯಲಾಗದೆ ನಡೆದದ್ದನ್ನು ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ, ಬೈಯಲೂ ಇಲ್ಲ. ಉಪ್ಪಿಟ್ಟನ್ನು ಡಬ್ಬಿಗೆ ತುಂಬಿ ಕೈಗೆ ಕೊಟ್ಟಳು. "ಈಗ ನೀನು ಹೋಗಿ ಅವಳ ಬಾಗಿಲಲ್ಲಿ ನಿಲ್ಲು."

ಹಾಸ್ಟೆಲ್ ಗೇಟಿನಲ್ಲಿ ನಿಂತೆ. ವನಜಾ ಇಳಿದು ಬಂದಳು.

"ನಾನು ನಿನ್ನನ್ನು ಕರ್ದಿದ್ನಾ?"

"ಇಲ್ಲ ಕಣೇ. ತಪ್ಪಾಯ್ತು ಅಂತ ಹೇಳೋಕೆ ಬಂದೆ."

ಡಬ್ಬಿಯ ಕಡೆ ನೋಡಿದಳು. "ಹಾಗಾದ್ರೆ ಈಗ ಕರೀತೇನೆ. ಬಾ. ಹನ್ನೆರಡರವರೆಗೆ."

ಆಮೇಲೆ ಓದು ಮುಗಿಯುವವರೆಗೆ ನಮ್ಮ ಭಾನುವಾರಗಳು ತಪ್ಪಲಿಲ್ಲ. ಗ್ಯಾಂಗಿನವರು ಈಗ ಎಲ್ಲಿದ್ದಾರೋ, ನನಗೆ ಗೊತ್ತಿಲ್ಲ. ಸಿಕ್ಕರೆ ಅವರಿಗೂ "ಬನ್ನಿ" ಎನ್ನುತ್ತೇನೆ, ಅವರು ಬರುವುದಿಲ್ಲ ಎಂಬ ಧೈರ್ಯದಲ್ಲಿ. ನಾವೆಲ್ಲ ಕರೆಯುವುದೇ ಹಾಗಲ್ಲವೇ?

ಮದುವೆಮನೆಯಲ್ಲಿ ಆ ಹುಡುಗಿ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಳು. "ಭಾನುವಾರ ಬಾಮ್ಮ. ಹತ್ತು ಗಂಟೆಗೆ" ಅಂದೆ.

ಈ ಸಲ ನಮ್ಮ ಮನೆಯ ಚಿಲಕ ತೆಗೆದೇ ಇರುತ್ತದೆ. ನಿಮ್ಮದು?