ಅಕ್ಕನ ಬಲಗೈ ಬೆರಳುಗಳೂ ಒಂದು ಕರಿ ಲ್ಯಾಪ್‌ಟಾಪೂ

ನಲವತ್ತೊಂಬತ್ತು ತುಂಬಿದ ವಾರವೇ ನನ್ನ ವಾರಗಿತ್ತಿ ಕಾಲೇಜು ಸೇರಿದಳು. ನಾನು ಅವಳನ್ನು ಅಕ್ಕ ಎಂದೇ ಕರೆಯುವುದು. ಅವಳ ಸಂಸಾರ ಕೆಳಗಿನ ಮನೆಯಲ್ಲಿ, ನಮ್ಮದು ಮಹಡಿಯಲ್ಲಿ. ನಡುವೆ ಹದಿನಾರು ಮೆಟ್ಟಿಲು. ಅವಳು ನಗುತ್ತಾ ಹತ್ತಿ ಬರುತ್ತಿದ್ದಾಳೆಂದರೆ ಎಂಟನೆಯ ಮೆಟ್ಟಿಲಿಗೇ ನನಗೂ ನಗು ಶುರುವಾಗುತ್ತದೆ, ವಿಷಯ ಏನೆಂದು ತಿಳಿಯುವ ಮೊದಲೇ.

ಅಕ್ಕ ಇಪ್ಪತ್ತನಾಲ್ಕು ವರ್ಷ ಆಸ್ಪತ್ರೆಯೊಂದರ ಟೆಲಿಫೋನ್ ಕೋಣೆಯಲ್ಲಿ ಕೂತವಳು. ಹೊರಗಿನಿಂದ ಬಂದ ಕರೆಗಳನ್ನು ಒಳಗಿನ ಮುನ್ನೂರು ಚಿಲ್ಲರೆ ಫೋನುಗಳಿಗೆ ಜೋಡಿಸುವುದು ಅವಳ ಕೆಲಸ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಒಂದು ಮೇಜು, ಒಂದು ತಿರುಗುವ ಕುರ್ಚಿ, ನೀರಿನ ಬಾಟಲಿ, ಮತ್ತು ಅವಳ ದನಿ. ವೈದ್ಯರಿಗೆ ಅವಳ ದನಿ ಗೊತ್ತು, ಮುಖ ಗೊತ್ತಿಲ್ಲ. ನಂಬರ್ ಒತ್ತುವಾಗ ಅವಳು ಫೋನಿನ ಕಡೆ ನೋಡುತ್ತಲೇ ಇರಲಿಲ್ಲ. ಎಡಗೈಯಲ್ಲಿ ಬರೆದುಕೊಳ್ಳುತ್ತಾ, ಬಾಯಲ್ಲಿ ಸಮಾಧಾನ ಹೇಳುತ್ತಾ, ಬಲಗೈಯ ಮೂರು ಬೆರಳಲ್ಲಿ ಟಕಟಕನೆ ಒತ್ತಿಬಿಡುತ್ತಿದ್ದಳು.

ಒಂದು ದಿನ ಆಸ್ಪತ್ರೆಯವರು ಆ ಕೆಲಸಕ್ಕೆ ಯಂತ್ರದ ದನಿಯನ್ನು ಕೂರಿಸಿದರು. 'ಹೆರಿಗೆ ವಿಭಾಗಕ್ಕೆ ಎರಡನ್ನು ಒತ್ತಿ' ಎನ್ನುವಂಥದ್ದು. ಆಡಳಿತಾಧಿಕಾರಿ ಅಕ್ಕನನ್ನು ಕರೆದು, ಇಡೀ ದಿನ ನಿಂತು ಮಾಡುವ ಸ್ವಾಗತದ ಕೆಲಸಕ್ಕೆ ಹೋಗುತ್ತೀರೋ, ಇಲ್ಲ ಒಂದು ವರ್ಷದ ಅಕೌಂಟಿಂಗ್ ಡಿಪ್ಲೊಮಾ ಮುಗಿಸಿ ಲೆಕ್ಕಪತ್ರ ವಿಭಾಗಕ್ಕೆ ಬರುತ್ತೀರೋ ಎಂದು ಕೇಳಿದರು. ಅಕ್ಕ ಅರೆಕ್ಷಣವೂ ಯೋಚಿಸದೆ "ಡಿಪ್ಲೊಮಾ" ಎಂದುಬಿಟ್ಟಳಂತೆ. ಆಮೇಲೆ ಮೆಟ್ಟಿಲು ಹತ್ತಿ ಬಂದು, "ಲೇ, ನಾನು ಕಾಲೇಜಿಗೆ ಹೋಗ್ತೀನಿ ಕಣೇ! ಬ್ಯಾಗ್ ಹಾಕ್ಕೊಂಡು!" ಎಂದು ನನ್ನ ಹೆಗಲು ಹಿಡಿದು ಕುಣಿಸಿದಳು. ಕೈಯಲ್ಲಿದ್ದ ಸೌಟು ನೆಲಕ್ಕೆ ಬಿತ್ತು.

ಕೋರ್ಸ್ ಮುಗಿಯುವವರೆಗೆ ಬೆಳಿಗ್ಗೆ ಆಸ್ಪತ್ರೆಯ ಒಳಗಿನ ಕರೆಗಳನ್ನಷ್ಟೇ ಜೋಡಿಸುವ ಕೆಲಸ, ಮಧ್ಯಾಹ್ನ ಕಾಲೇಜು. ತರಗತಿಯಲ್ಲಿ ಇಪ್ಪತ್ತೆರಡು ಜನ, ಎಲ್ಲರೂ ಹತ್ತೊಂಬತ್ತು ಇಪ್ಪತ್ತರ ವಯಸ್ಸಿನವರು. ಅವಳನ್ನು ಆಂಟಿ ಎನ್ನುವುದೋ ಮೇಡಂ ಎನ್ನುವುದೋ ತಿಳಿಯದೆ ಮೊದಲ ವಾರ ಯಾರೂ ಮಾತಾಡಿಸಲಿಲ್ಲ. ಎರಡನೆಯ ವಾರ ಅವಳೇ ಎಲ್ಲರ ಮನೆಯ ಸಮಾಚಾರ ಕೇಳಿ ಮುಗಿಸಿದ್ದಳು. ಕಲಿತದ್ದನ್ನೆಲ್ಲ ಮನೆಗೆ ತಂದು ನಮ್ಮ ಮೇಲೆ ಪ್ರಯೋಗಿಸುವಳು. ಫ್ರಿಜ್ಜು ಆಸ್ತಿ, ಹೊಲಿಗೆ ಯಂತ್ರ ಆಸ್ತಿ, ಕೆಟ್ಟ ಮಿಕ್ಸಿ ಸವಕಳಿ ಬಿದ್ದ ಆಸ್ತಿ. ಲಿಫ್ಟ್ ಮೆಕ್ಯಾನಿಕ್ ಆಗಿರುವ ಭಾವ ಒಮ್ಮೆ ಪೇಪರಿನ ಹಿಂದಿನಿಂದ, "ನಾನು ಯಾವ ಪಟ್ಟೀಲಿ ಬರ್ತೀನಿ?" ಎಂದು ಕೇಳಿದರು.

"ನಿಮ್ಮದಿನ್ನೂ ತೀರ್ಮಾನ ಆಗಿಲ್ಲ" ಎಂದಳು ಅಕ್ಕ.

ಎರಡನೆಯ ತಿಂಗಳಿಗೆ ಮೇಷ್ಟ್ರು, ಸೋಮವಾರದಿಂದ ಪಾಠವೆಲ್ಲ ಕಂಪ್ಯೂಟರಿನಲ್ಲೇ, ಎಲ್ಲರೂ ಲ್ಯಾಪ್‌ಟಾಪ್ ತನ್ನಿ ಎಂದು ಹೇಳಿದರು. ಅಲ್ಲಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. ಸಹಪಾಠಿ ಹುಡುಗಿಯರು, "ತೆಳ್ಳಗಿರೋದು ತಗೊಳ್ಳಿ ಆಂಟಿ, ಸ್ಟೈಲಾಗಿರುತ್ತೆ" ಎಂದರು. ಭಾವ, "ಮುಚ್ಚಳದ ಕೀಲು ಗಟ್ಟಿ ಇರ್ಬೇಕು. ತೆಗೆದು ಹಾಕಿ ಮಾಡೋ ಯಾವುದೇ ಆಗ್ಲಿ, ಮೊದಲು ಹೋಗೋದು ಕೀಲೇ" ಎಂದರು. ಮೇಷ್ಟ್ರು ಒಂದು ಚೀಟಿ ಬರೆದುಕೊಟ್ಟರು: ಕಾಲೇಜಿನ ಅಕೌಂಟಿಂಗ್ ಸಾಫ್ಟ್‌ವೇರ್ ಅದರಲ್ಲಿ ಓಡಬೇಕು, ರ‍್ಯಾಮ್ ಕನಿಷ್ಠ ಎಂಟು, ಹದಿನಾರಾದರೆ ಒಳ್ಳೆಯದು, ಎಸ್‌ಎಸ್‌ಡಿ ಇರಬೇಕು, ಪರದೆ ಅಗಲವಾಗಿರಬೇಕು. ಅಕ್ಕ ಅದರ ಕೆಳಗೆ ಕೆಂಪು ಶಾಯಿಯಲ್ಲಿ ತನ್ನದೊಂದು ಸಾಲು ಸೇರಿಸಿದಳು: 'ಬಲಗಡೆ ನಂಬರ್ ಪ್ಯಾಡ್ ಇರಲೇಬೇಕು.'

"ಮಿಕ್ಕಿದ್ದೆಲ್ಲ ಆ ಮಕ್ಕಳಿಗೆ ಗೊತ್ತು. ಆದ್ರೆ ನಂಬರ್ ಹೊಡೆಯೋದ್ರಲ್ಲಿ ಮಾತ್ರ ನನ್ನನ್ನ ಯಾರೂ ಹಿಡಿಯೋಕಾಗಲ್ಲ, ನೋಡ್ತಿರು" ಎಂದು ಬೆರಳು ಕುಣಿಸಿ ತೋರಿಸಿದಳು.

ಶನಿವಾರ ಬೆಳಿಗ್ಗೆ ನನ್ನ ಗ್ರಂಥಾಲಯದ ಕೆಲಸಕ್ಕೆ ರಜೆ ಹಾಕಿಸಿ, ನನ್ನನ್ನೂ ಎಳೆದುಕೊಂಡು ಹೊರಟಳು. ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಾಗ ಅಕ್ಕ ಅದಕ್ಕೆ "ಥ್ಯಾಂಕ್ಸ್" ಎಂದಳು. ಅಲ್ಲಿಂದಲೇ ನಮಗಿಬ್ಬರಿಗೂ ನಗು ಹತ್ತಿಕೊಂಡಿತು. ಟೈ ಕಟ್ಟಿದ, ತಲೆಗೂದಲು ಹಣೆಯಿಂದ ಹಿಂದೆ ಸರಿಯತೊಡಗಿದ ಸೇಲ್ಸ್‌ಮನ್ ಒಬ್ಬರು ಗಂಭೀರವಾಗಿ ಎದುರಾದರು.

ಅವರು ಮೊದಲು ತೋರಿಸಿದ್ದು ಆಟದ ಲ್ಯಾಪ್‌ಟಾಪು. ಒತ್ತಿದ ಕಡೆಯೆಲ್ಲ ಕೆಂಪು, ಹಸಿರು, ನೀಲಿ ದೀಪ. ಒಳಗಿನ ಫ್ಯಾನು ಭರ್ರೆಂದಿತು.

"ಇದೇನು, ಹಾರುತ್ತಾ?" ಎಂದಳು ಅಕ್ಕ ಒಂದು ಹೆಜ್ಜೆ ಹಿಂದೆ ಸರಿದು.

"ಪವರ್ ಜಾಸ್ತಿ ಮೇಡಂ. ಎಂಥ ಗೇಮ್ ಬೇಕಾದ್ರೂ ಆಡ್ಬಹುದು."

"ನಾನು ಅಡಾವೆ ಪತ್ರಿಕೆ, ಅದೇ ಬ್ಯಾಲೆನ್ಸ್ ಶೀಟು, ಆಡೋಳು. ಅದಕ್ಕೆ ಇಷ್ಟೊಂದು ದೀಪ ಬೇಡ."

ಎರಡನೆಯದು ಬೆಳ್ಳಿಬಣ್ಣದ್ದು. ಒಂದೇ ಬೆರಳಲ್ಲಿ ಎತ್ತಬಹುದು, ಅಷ್ಟು ತೆಳು. ಪರದೆ ಎಷ್ಟು ಹೊಳೆಯುತ್ತಿತ್ತೆಂದರೆ ಅಕ್ಕ ಅದರಲ್ಲಿ ನೋಡಿಕೊಂಡು ಮುಂಗುರುಳು ಸರಿಮಾಡಿಕೊಂಡಳು. ಆಮೇಲೆ ಕೀಲಿಗಳ ಮೇಲೆ ಕೈಯಾಡಿಸಿ, "ನಂಬರ್ ಎಲ್ಲಿ?" ಎಂದು ಕೇಳಿದಳು.

"ಮೇಲ್ಗಡೆ ಸಾಲಲ್ಲಿ ಇದೆಯಲ್ಲ ಮೇಡಂ."

"ಅವು ಕ್ಯೂ ನಿಂತಿರೋ ನಂಬರು. ನನಗೆ ಗುಂಪಾಗಿ ಕೂತಿರೋವು ಬೇಕು." ಅಷ್ಟರಲ್ಲಿ ನಾನೇನೋ ಕೇಳಿದೆ. ಅಕ್ಕ ಸೇಲ್ಸ್‌ಮನ್ನರ ಕಡೆ ಕೈಯೆತ್ತಿ, "ಒಂದ್ನಿಮಿಷ, ಲೈನಲ್ಲೇ ಇರಿ" ಎಂದು ನನ್ನ ಕಡೆ ತಿರುಗಿದಳು.

ಪಾಪ, ಆ ಮನುಷ್ಯ ಎರಡಡಿ ದೂರದಲ್ಲಿ ನಿಂತಿದ್ದರು. ಅಲ್ಲೇ ನಿಂತಿರಬೇಕೋ, ಫೋನ್ ಎತ್ತಿಕೊಳ್ಳಬೇಕೋ ತಿಳಿಯದೆ ಮಿಕಿಮಿಕಿ ನೋಡಿದರು. ನಾನು ಪ್ರಿಂಟರುಗಳ ಸಾಲಿನ ಹಿಂದೆ ಹೋಗಿ ಬಾಯಿ ಮುಚ್ಚಿಕೊಂಡೆ.

ಅದೇ ಹೊತ್ತಿಗೆ ಮೂಲೆಯ ಗಾಜಿನ ಕೋಣೆಯಿಂದ ಒಬ್ಬ ಹೆಂಗಸು ಹೊರಗೆ ಬಂದರು. ಕನ್ನಡಕ, ಕಿವಿಯ ಮೇಲೊಂದು ಪೆನ್ನು, ಕೈಯಲ್ಲಿ ಬಿಲ್ಲುಗಳ ಕಂತೆ. ಅಂಗಡಿಯ ಲೆಕ್ಕ ನೋಡಿಕೊಳ್ಳುವವರು. ನೇರ ಅಕ್ಕನ ಎದುರು ನಿಂತು, "ಇನ್ನೊಂದ್ಸಲ ಅನ್ನಿ" ಎಂದರು.

"ಏನು?"

"ಲೈನಲ್ಲೇ ಇರಿ ಅಂದ್ರಲ್ಲ, ಅದನ್ನ."

ಅಕ್ಕ ಅನುಮಾನದಿಂದಲೇ ಅಂದಳು. ಆ ಹೆಂಗಸು ಬಿಲ್ಲುಗಳ ಕಂತೆಯನ್ನು ಬೆಳ್ಳಿ ಲ್ಯಾಪ್‌ಟಾಪಿನ ಮೇಲೆ ಇಟ್ಟು ಅಕ್ಕನ ಎರಡೂ ಕೈ ಹಿಡಿದುಕೊಂಡರು. "ನೀವು ಆಸ್ಪತ್ರೆ ಫೋನಿನವರು! ಹನ್ನೊಂದು ವರ್ಷ ಆಯ್ತು. ಅಪ್ಪನಿಗೆ ಆಪರೇಷನ್ನು, ನಾನು ಬೇರೆ ಊರಲ್ಲಿದ್ದೆ. ವಾರ್ಡಲ್ಲಿ ಯಾರೂ ಫೋನ್ ಎತ್ತಲಿಲ್ಲ. ನೀವು ಲೈನಲ್ಲೇ ಇರಿ ಅಂತ ಹೇಳಿ ಎದ್ದು ಹೋಗಿ ನೋಡ್ಕೊಂಡು ಬಂದ್ರಿ. ಬಂದು ಏನಂದ್ರಿ ಗೊತ್ತಾ? 'ನಿಮ್ಮಪ್ಪ ಎದ್ದು ಕೂತು ನರ್ಸ್ ಜತೆ ಜಗಳ ಆಡ್ತಿದ್ದಾರೆ, ಹುಷಾರಾಗಿದ್ದಾರೆ, ನೀವು ಹೋಗಿ ಊಟ ಮಾಡಿ' ಅಂದ್ರಿ."

ಅಕ್ಕನಿಗೆ ಅದು ನೆನಪೇ ಇರಲಿಲ್ಲ. "ಜಗಳ ಆಡೋ ಅಪ್ಪಂದಿರು ಬಹಳ ಜನ ಇದ್ರು" ಎಂದಳು. ಕಣ್ಣು ಮಾತ್ರ ಒದ್ದೆಯಾಗಿತ್ತು. ಅವಳ ಮುಖ ನೋಡಿ ಹೀಗೆ ಕೈ ಹಿಡಿದುಕೊಂಡವರು ಆವರೆಗೆ ಯಾರೂ ಇರಲಿಲ್ಲ.

ವಿಷಯವೆಲ್ಲ ಕೇಳಿಸಿಕೊಂಡ ಲೆಕ್ಕದಮ್ಮ ಸೇಲ್ಸ್‌ಮನ್ನರ ಕಡೆ ತಿರುಗಿ, "ಆ ಕೆಳಗಿನ ಶೆಲ್ಫಿನ ಕರೀದು ತನ್ನಿ" ಎಂದರು. ಬಂತು. ದಪ್ಪನೆಯದು, ಅಗಲವಾದದ್ದು, ಹೊಳಪಿಲ್ಲದ ಪರದೆ, ಬಲಗಡೆ ಅಚ್ಚುಕಟ್ಟಾಗಿ ನಂಬರ್ ಪ್ಯಾಡು. "ನನ್ನದೂ ಇಂಥದೇ. ನೋಡೋಕೆ ಚೆಂದ ಇಲ್ಲ, ಆದ್ರೆ ಇದರ ಮುಂದೆ ಎಂಟು ಗಂಟೆ ಕೂತ್ರೂ ಕಣ್ಣು ಉರಿಯಲ್ಲ. ಕೂತ್ಕೊಳ್ಳಿ, ಹೊಡೆದು ನೋಡಿ."

ಅಕ್ಕ ಸೆರಗು ಸಿಕ್ಕಿಸಿಕೊಂಡು ಕೂತಳು. ನಾನು ಅವಳ ಪಠ್ಯಪುಸ್ತಕ ತೆಗೆದು ಓದಲು ನಿಂತೆ. ಮುಂದೆ ಆಗುವುದನ್ನು ನೋಡಲು ಇನ್ನೂ ಮೂರ್ನಾಲ್ಕು ಗಿರಾಕಿಗಳು ಸೇರಿದರು. "ಕಣ್ಣು ಮುಚ್ಕೊಂಡೇ ಹೊಡೀತೀನಿ" ಎಂದು ಸಾರಿ ಅಕ್ಕ ನಿಜವಾಗಿಯೂ ಕಣ್ಣು ಮುಚ್ಚಿದಳು.

"ಸಾವಿರದ ಏಳುನೂರ ಮೂವತ್ತೆರಡು" ಎಂದೆ. ಟಕಟಕಟಕಟಕ.

"ನಾನೂರ ಐವತ್ತಾರು." ಟಕಟಕಟಕ.

"ಇನ್ನೂರ ಮೂವತ್ತೆಂಟು." ಟಕಟಕಟಕ. ಸೇಲ್ಸ್‌ಮನ್ ಮೆಚ್ಚಿ ತಲೆದೂಗಿದರು. ಮಿಂಚು ಎಂದರೆ ಮಿಂಚು. ಅಕ್ಕ ರಾಣಿಯ ಹಾಗೆ ಕಣ್ಣು ತೆರೆದಳು.

ಪರದೆಯ ಮೇಲೆ ಏಳು ಸಾವಿರದ ನೂರ ತೊಂಬತ್ತೆಂಟು ಎಂದಿತ್ತು. ಅದರ ಕೆಳಗೆ ನಾನೂರ ಐವತ್ತಾರು. ಅದರ ಕೆಳಗೆ ಎಂಟುನೂರ ತೊಂಬತ್ತೆರಡು.

"ಕೆಟ್ಟಿದೆ ಇದು" ಎಂದಳು ಅಕ್ಕ.

ಸೇಲ್ಸ್‌ಮನ್ ಅದೇ ಮಾದರಿಯ ಇನ್ನೊಂದನ್ನು ತಂದರು. ಮತ್ತೆ ಓದಿದೆ, ಮತ್ತೆ ಹೊಡೆದಳು. ಮತ್ತೆ ಏಳು ಸಾವಿರದ ನೂರ ತೊಂಬತ್ತೆಂಟು! "ಇದೂ ಕೆಟ್ಟಿದೆ!" ಗಿರಾಕಿಗಳಲ್ಲೊಬ್ಬರು ಮೆಲ್ಲನೆ, "ಮಧ್ಯದ್ದು ಮಾತ್ರ ಎರಡ್ಸಲಾನೂ ಸರಿ ಬಂತಲ್ಲ" ಎಂದರು. ಲೆಕ್ಕದಮ್ಮ ಹಣೆ ಗಂಟಿಕ್ಕಿ ನೋಡಿದರು. ಒಮ್ಮೆಗೇ ತಮ್ಮ ಕೋಣೆಗೆ ಓಡಿ, ಮೇಜಿನ ಫೋನನ್ನು ವೈರಿನ ಸಮೇತ ಎಳೆದು ತಂದು ಲ್ಯಾಪ್‌ಟಾಪಿನ ಪಕ್ಕದಲ್ಲಿಟ್ಟರು.

ಎಲ್ಲರೂ ಬಗ್ಗಿ ನೋಡಿದೆವು. ಫೋನಿನಲ್ಲಿ ಒಂದು, ಎರಡು, ಮೂರು ಮೇಲಿನ ಸಾಲಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಅವೇ ಮೂರು ಕೆಳಗೆ, ಏಳು ಎಂಟು ಒಂಬತ್ತು ಮೇಲೆ.

ಅಕ್ಕ ತನ್ನ ಬಲಗೈಯನ್ನು ಎತ್ತಿ, ಯಾರದೋ ಕೈಯೆಂಬಂತೆ ತಿರುಗಿಸಿ ನೋಡಿದಳು. "ಇಪ್ಪತ್ತನಾಲ್ಕು ವರ್ಷ" ಎಂದಳು. ಅವಳ ಮುಖ ಇಳಿಯುತ್ತದೆಂದುಕೊಂಡೆ. ಆದರೆ ತುಟಿಯ ಕೊನೆ ನಡುಗಿದ್ದು ಅಳುವಿಗಲ್ಲ. "ಲೇ, ನಾನು ಇಡೀ ಆಸ್ಪತ್ರೆನ ತಲೆಕೆಳಗಾಗಿ ಕಲ್ತಿದ್ದೀನಿ ಕಣೇ!" ಎಂದು ಕೂಗಿ, ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತೇಬಿಟ್ಟಳು. ನಕ್ಕಳು, ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಪಕ್ಕದಲ್ಲಿ ಕುಸಿದೆ. ಲೆಕ್ಕದಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಸೇಲ್ಸ್‌ಮನ್ ಟೈ ಸಡಿಲಿಸಿ ಗೋಡೆಗೆ ಒರಗಿ ನಗುತ್ತಿದ್ದರು. ಅಲ್ಲಿಯವರೆಗೆ ಅವರ ಹಲ್ಲನ್ನು ನಾವು ನೋಡಿಯೇ ಇರಲಿಲ್ಲ.

ನಗು ಇಳಿದ ಮೇಲೆ ಅವರೇ, "ಹಾಗಾದ್ರೆ ನಂಬರ್ ಪ್ಯಾಡ್ ಇಲ್ಲದ್ದೇ ವಾಸಿ ಅಲ್ವಾ ಮೇಡಂ?" ಎಂದು ಬೆಳ್ಳಿಯದರ ಕಡೆ ಕೈ ಚಾಚಿದರು.

"ಸುಮ್ನಿರಿ" ಎಂದರು ಲೆಕ್ಕದಮ್ಮ. ಅಕ್ಕನ ನಡುಬೆರಳು ಹಿಡಿದು ಐದರ ಕೀಲಿಯ ಮೇಲಿಟ್ಟರು. "ಸಣ್ಣ ಗುಬುಟು ಸಿಗ್ತಾ? ಫೋನಲ್ಲೂ ಇರುತ್ತೆ, ಇಲ್ಲೂ ಇದೆ, ಎರಡ್ರಲ್ಲೂ ಒಂದೇ ಜಾಗ. ನಡುಮನೆ ನಿಮಗೆ ಗೊತ್ತಿದೆ. ಮೇಲ್ಮನೆಯವರೂ ಕೆಳಮನೆಯವರೂ ಅದಲು ಬದಲಾಗಿದ್ದಾರೆ, ಅಷ್ಟೆ. ಬೆರಳಿಗೆ ಒಂದು ತಿಂಗಳು ಟೈಮ್ ಕೊಡಿ. ಈ ವೇಗ ಇಟ್ಕೊಂಡು ನಂಬರ್ ಪ್ಯಾಡನ್ನ ಬಿಟ್ಟು ಹೋಗ್ತಾರಾ ಯಾರಾದ್ರೂ?"

ಅಕ್ಕ ಕರಿಯದನ್ನೇ ತೆಗೆದುಕೊಂಡಳು. ಅದಕ್ಕೆ ಮೊದಲು ಭಾವನ ಮಾತಿನಂತೆ ಮುಚ್ಚಳವನ್ನು ಇಪ್ಪತ್ತು ಸಲ ತೆಗೆದು ಹಾಕಿ ಕೀಲು ಪರೀಕ್ಷಿಸಿದಳು. ಚೀಲದಲ್ಲಿಟ್ಟು ಹೆಗಲಿಗೇರಿಸಿ ಅಂಗಡಿಗೆ ಮೂರು ಸುತ್ತು ಬಂದಳು. "ಕೆಟ್ರೆ ಎಲ್ಲಿ ರಿಪೇರಿ ಮಾಡ್ತಾರೆ ಅಂತ ಕೇಳಿ" ಎಂದು ಲೆಕ್ಕದಮ್ಮ ಪಿಸುಗುಟ್ಟಿದ್ದನ್ನು ಗಟ್ಟಿಯಾಗಿ ಕೇಳಿದಳು. ರ‍್ಯಾಮ್ ಹದಿನಾರು. ಮೇಷ್ಟ್ರ ಚೀಟಿಯ ಪ್ರತಿ ಸಾಲಿಗೂ ಗುರುತು ಬಿತ್ತು. ಬಸ್ಸಿನಲ್ಲಿ ಅದನ್ನು ತೊಡೆಯಿಂದ ಇಳಿಸಲಿಲ್ಲ. ಪಕ್ಕದ ಸೀಟಿನ ಅಪರಿಚಿತರಿಗೆ, "ಮೂರು ವರ್ಷ ವಾರಂಟಿ ಇದೆ" ಎಂದು ಅವರು ಕೇಳದೆಯೇ ತಿಳಿಸಿದಳು.

ಮುಂದಿನ ಒಂದು ತಿಂಗಳು ಮನೆಯವರೆಲ್ಲ ಅವಳಿಗೆ ಸಂಖ್ಯೆ ಓದಿದೆವು. ಭಾವ ಲಿಫ್ಟುಗಳ ಕ್ರಮಸಂಖ್ಯೆ ಓದಿದರು, ನಾನು ಪುಸ್ತಕಗಳ ಹಿಂಬದಿಯ ಉದ್ದನೆಯ ನಂಬರುಗಳನ್ನು ಓದಿದೆ. ತರಗತಿಯಲ್ಲಿ ಅವಳ ಅಡಾವೆ ಪತ್ರಿಕೆ ದಿನಕ್ಕೊಂದು ದಿಕ್ಕಿಗೆ ಓಡುತ್ತಿತ್ತು. ಐದನೆಯ ವಾರದ ಒಂದು ಮಧ್ಯಾಹ್ನ ಎರಡೂ ಬದಿಯ ಮೊತ್ತ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸೇರಿತು. ಇಪ್ಪತ್ತೆರಡು ಮಕ್ಕಳೂ ಮೇಜು ಬಡಿದು ಚಪ್ಪಾಳೆ ತಟ್ಟಿದರಂತೆ. ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಬೇರೆಯೇ ಗಲಾಟೆ. ಬೆರಳುಗಳು ಪೂರ್ತಿ ಮಗುಚಿಕೊಂಡಿದ್ದವು. ಇನ್ನೂರ ಹದಿನಾಲ್ಕಕ್ಕೆ ಜೋಡಿಸಬೇಕಾದ ಹಿರಿಯ ವೈದ್ಯರನ್ನು ಎಂಟುನೂರ ಎಪ್ಪತ್ತನಾಲ್ಕಕ್ಕೆ, ಎಂದರೆ ಬಟ್ಟೆ ಒಗೆಯುವ ವಿಭಾಗಕ್ಕೆ, ಜೋಡಿಸಿಬಿಟ್ಟಳು. ಅವರು ಹತ್ತು ನಿಮಿಷ ರೋಗಿಯ ಸ್ಥಿತಿ ವಿಚಾರಿಸಿದರಂತೆ. ಅತ್ತಲಿನವರು, ಇನ್ನೂ ಒಣಗಿಲ್ಲ ಎಂದು ಹೇಳುತ್ತಲೇ ಇದ್ದರಂತೆ.

ಫಲಿತಾಂಶ ಬಂದದ್ದು ಒಂದು ಭಾನುವಾರ, ನಾನು ಕಿಟಕಿಯ ಪರದೆಗಳನ್ನು ಒಣಹಾಕುತ್ತಿದ್ದಾಗ. ಮೆಟ್ಟಿಲ ಮೇಲೆ ದಡಬಡ ಸದ್ದು. ಅಕ್ಕ ತಾರಸಿಯವರೆಗೂ ಓಡಿ ಬಂದಿದ್ದಳು. ಮಾತಾಡಲು ಉಸಿರಿಲ್ಲದೆ ಲ್ಯಾಪ್‌ಟಾಪನ್ನೇ ಮುಂದೆ ಹಿಡಿದಳು. ಬಿಸಿಲಿನಲ್ಲೂ ಆ ಪರದೆ ಓದಲು ಬರುತ್ತಿತ್ತು. ಪ್ರಥಮ ದರ್ಜೆ, ತರಗತಿಗೆ ಮೂರನೆಯವಳು. ನಾನು ಒದ್ದೆ ಪರದೆಯ ಸಮೇತ ಅವಳನ್ನು ತಬ್ಬಿಕೊಂಡೆ. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಭಾವ ಬಾಗಿಲಲ್ಲಿ ನಿಂತು, "ಏನಾಯ್ತು? ಪಾಸೋ ಫೇಲೋ? ಯಾರಾದ್ರೂ ಒಬ್ಬರು ಹೇಳ್ತೀರಾ?" ಎಂದು ಕೇಳಿದರು. ಹೇಳಬೇಕೆಂದು ಇಬ್ಬರೂ ಎಷ್ಟು ಸಲ ಬಾಯಿ ತೆರೆದೆವೋ, ಅಷ್ಟು ಸಲವೂ ಬಂದದ್ದು ನಗುವೇ.