ಗೆರೆಯ ಮುಂದೆ ನಿಂತ ಕಾರು

ಕಾರು ಓಡಿಸಿ ಬದುಕುತ್ತೇನೆ ಎಂದರೆ ನಮ್ಮ ಕಡೆ ಅದಕ್ಕೆ ಎರಡೇ ಅರ್ಥ. ಒಂದೋ ಯಾರೋ ಸಾಹುಕಾರರ ಮನೆಯಲ್ಲಿ ಡ್ರೈವರ್, ಇಲ್ಲವೇ ಟ್ಯಾಕ್ಸಿ. ಮೂರನೆಯ ಅರ್ಥವೂ ಒಂದಿದೆ ಎಂದು ಜನರಿಗೆ ತಿಳಿಹೇಳುವುದರಲ್ಲಿ ನನ್ನ ಯೌವನದ ಅರ್ಧ ಕಳೆಯಿತು. ಉಳಿದರ್ಧ ಸುತ್ತು ಹೊಡೆಯುವುದರಲ್ಲಿ ಕಳೆಯಿತು.

ನಮ್ಮದು ಮರಳವಾಡಿ. ಅಪ್ಪನಿಗೆ ರಾಗಿ ಹೊಲ, ಒಂದಿಷ್ಟು ಹಿಪ್ಪುನೇರಳೆ ತೋಟ. ನಾನು ಕನಕಪುರದಲ್ಲಿ ಐಟಿಐ ಮುಗಿಸುವ ಹೊತ್ತಿಗೆ ಬಿಡದಿಯ ಕಡೆ ಫ್ಯಾಕ್ಟರಿಗಳು ಒಂದರ ಪಕ್ಕ ಒಂದು ಎದ್ದಿದ್ದವು. ಬೆಳಿಗ್ಗೆ ಕಂಪನಿ ಬಸ್ಸು ಬಂದು ನಿಂತರೆ ನಮ್ಮ ವಾರಿಗೆಯ ಹುಡುಗರೆಲ್ಲ ಇಸ್ತ್ರಿ ಮಾಡಿದ ಯೂನಿಫಾರಂ ತೊಟ್ಟು, ಸ್ನೋ ಪೌಡರು ಬಳಿದುಕೊಂಡು ಹತ್ತುತ್ತಿದ್ದರು. ನಾನೂ ಹತ್ತಿದೆ. ಅದು ಕಾರು ತಯಾರಿಸುವ ಫ್ಯಾಕ್ಟರಿ. ಹೊಸದಾಗಿ ಹೊರಬಂದ ಪ್ರತಿ ಕಾರನ್ನೂ ಕಾಂಪೌಂಡಿನೊಳಗಿನ ಚಿಕ್ಕ ರಸ್ತೆಯಲ್ಲಿ ಸುತ್ತಿಸಿ, ಎಲ್ಲಾದರೂ ಕಿರಗುಟ್ಟುತ್ತದೆಯೇ, ಗಡಗಡ ಎನ್ನುತ್ತದೆಯೇ ಎಂದು ಕೇಳಿ ನೋಡುವುದು ನನ್ನ ಕೆಲಸ. ದಿನವೆಲ್ಲ ಹೊಸ ಕಾರಿನಲ್ಲೇ ಕೂತಿರುತ್ತಿದ್ದೆ. ಸಂಜೆ ಮಾತ್ರ ಬಸ್ಸಿನಲ್ಲಿ ನಿಂತುಕೊಂಡು ಊರಿಗೆ ಬರುತ್ತಿದ್ದೆ.

ಅಲ್ಲಿನ ಎಂಜಿನಿಯರ್ ಒಬ್ಬರಿಗೆ ಕಾರ್ ರೇಸಿನ ಹುಚ್ಚು. ಬೆಂಗಳೂರಿನಲ್ಲಿ ದೊಡ್ಡ ಗ್ಯಾರೇಜು ಇಟ್ಟುಕೊಂಡು ರೇಸ್ ತಂಡ ಕಟ್ಟಿದ್ದ ಯಜಮಾನರೊಬ್ಬರಿಗೆ ಅವರು ರಜಾ ದಿನಗಳಲ್ಲಿ ಸಹಾಯ ಮಾಡುತ್ತಿದ್ದರು. ಒಂದು ಸಲ ನನ್ನನ್ನೂ ಚೆನ್ನೈ ಹತ್ತಿರದ ಟ್ರ್ಯಾಕಿಗೆ ಕರೆದುಕೊಂಡು ಹೋದರು. ಟೈರು ಪರೀಕ್ಷೆ ಮಾಡಬೇಕಿತ್ತು. ಮೂರು ಜನ ಓಡಿಸಿದೆವು. ನಾನೇ ಎಲ್ಲರಿಗಿಂತ ನಿಧಾನ. ಆದರೆ ನಾನು ಇಳಿದ ಮೇಲೆ ಯಜಮಾನರು ಬಗ್ಗಿ ಟೈರು ನೋಡಿದರು, ಬ್ರೇಕು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬೇಗ ಓಡ್ಸೋರು ಬೇಕಾದಷ್ಟು ಜನ ಸಿಗ್ತಾರೆ. ಗಾಡಿ ಮುರೀದೆ ವಾಪಸ್ ತಂದ್ಕೊಡೋನು ಸಿಗಲ್ಲ. ನಮ್ಮ ತಂಡಕ್ಕೆ ಬಂದ್ಬಿಡು, ಸಂಬಳ ಕೊಡ್ತೀನಿ" ಎಂದರು.

ಅವರದು ಎಂಡ್ಯುರೆನ್ಸ್ ರೇಸು, ಅಂದರೆ ತಾಳಿಕೆಯ ಓಟ. ಹತ್ತು ನಿಮಿಷದಲ್ಲಿ ಮುಗಿಯುವಂಥದ್ದಲ್ಲ. ಆರು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಕಾರು ಒಂದೇ, ಡ್ರೈವರುಗಳು ಮೂವರು. ಒಬ್ಬೊಬ್ಬರೂ ಪಾಳಿಯ ಮೇಲೆ ಓಡಿಸಬೇಕು. ಪೆಟ್ರೋಲಿಗೆ, ಟೈರಿಗೆ, ಡ್ರೈವರ್ ಬದಲಿಗೆ ಬಿಟ್ಟರೆ ಕಾರು ನಿಲ್ಲುವಂತಿಲ್ಲ. ನಾನು ಫ್ಯಾಕ್ಟರಿಗೆ ರಾಜೀನಾಮೆ ಕೊಟ್ಟು ಮನೆಗೆ ಬಂದು ಇದನ್ನೆಲ್ಲ ವಿವರಿಸಿದೆ. ಅಪ್ಪ ಬೀಡಿ ಮುಗಿಸಿ ತುಂಡನ್ನು ಅಂಗಳಕ್ಕೆ ಎಸೆದ.

"ಫ್ಯಾಕ್ಟ್ರಿಲೂ ಸುತ್ತಾಕ್ತಿದ್ದೆ, ಇಲ್ಲೂ ಸುತ್ತಾಕ್ತೀಯ. ಅಲ್ಲಿ ಮಧ್ಯಾಹ್ನ ಊಟನಾರ ಕೊಡೋರು."

ಅವ್ವನಿಗೆ ಕಾರಿನ ಫೋಟೊ ತೋರಿಸಿದೆ. ಎರಡೇ ಬಾಗಿಲಿನ, ನನ್ನ ಸೊಂಟಕ್ಕೆ ಬರುವಷ್ಟು ತಗ್ಗಿನ ಕಾರು. ಅವ್ವ ಫೋಟೊ ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಕುಂತ್ರೆ ಅಂಡು ನೆಲಕ್ಕೆ ಉಜ್ಜಲ್ವೇನ್ಲಾ?" ಎಂದಳು.

ಹೀಗಿರುವಾಗ ಬೈರಾಪಟ್ಟಣದಿಂದ ಸಂಬಂಧ ಬಂತು. ಹುಡುಗಿ ಬಿ.ಎಡ್. ಮಾಡಿಕೊಂಡು ಚನ್ನಪಟ್ಟಣದ ಶಾಲೆಯೊಂದರಲ್ಲಿ ಟೀಚರಾಗಿದ್ದಳು. ಹೆಣ್ಣು ನೋಡಲು ಅಪ್ಪ, ಅವ್ವ, ಸೋದರಮಾವನ ಜೊತೆ ಹೋದೆ. ದಾರಿಯಲ್ಲೇ ಮಾವ ನನಗೆ ಪಾಠ ಹೇಳಿದ್ದ: "ರೇಸು ಅನ್ಬ್ಯಾಡ ಕಣ್ಲಾ. ಕುದ್ರೆ ಜೂಜು ಅನ್ಕೊಂಬುಡ್ತಾರೆ. ಡ್ರೈವರ್ ಅನ್ನು, ಸಾಕು."

ಉಪ್ಪಿಟ್ಟು, ಬಾಳೆಹಣ್ಣು ಆಯಿತು. ಹುಡುಗಿಯ ಅಪ್ಪ ದೊಡ್ಡ ದನಿಯ, ದೊಡ್ಡ ಮೀಸೆಯ ಮನುಷ್ಯ. ಹೊಲದ ಈ ಬದಿಯಿಂದ ಆ ಬದಿಯವರನ್ನು ಕರೆದು ರೂಢಿಯಾಗಿದ್ದರಿಂದ ಮೂರಡಿ ದೂರದ ನನಗೂ ಹಾಗೇ ಕೂಗಿದರು.

"ಏನ್ ಕೆಲ್ಸ ಮಾಡ್ತೀಯಪ್ಪ?"

"ಡ್ರೈವರ್ರು."

"ಸ್ವಂತ ಗಾಡಿಯಾ?"

"ಇಲ್ಲ, ಯಜಮಾನರದು. ಮೂರು ಜನ ಸೇರಿ ಒಂದು ಗಾಡಿ ಓಡಿಸ್ತೀವಿ."

"ಮೂರ್ ಜನವಾ? ಲಾಂಗ್ ರೂಟು ಅನ್ನು. ಎಲ್ಲಿಂದ ಎಲ್ಲಿಗೆ?"

ನಾನು ಸುಳ್ಳು ಹೇಳಲಾರದೆ, "ಎಲ್ಲಿಂದ ಹೊರಡ್ತೀವೋ ಅಲ್ಲಿಗೆ" ಎಂದೆ.

"ಲೋಡ್ ಏನು?"

"ಲೋಡ್ ಇಲ್ಲ. ಪ್ಯಾಸೆಂಜರೂ ಇಲ್ಲ. ಖಾಲಿ ಗಾಡಿ."

ಹುಡುಗಿಯ ಅಪ್ಪ ನನ್ನ ಸೋದರಮಾವನ ಕಡೆ ತಿರುಗಿದರು. ಮಾವ ಛಾವಣಿಯ ತೊಲೆ ನೋಡುತ್ತಾ ಕೂತಿದ್ದ. ಇನ್ನು ವಿಧಿಯಿಲ್ಲದೆ ರೇಸಿನ ವಿಷಯವೆಲ್ಲ ಬಿಚ್ಚಿ ಹೇಳಿದೆ. ಮೂಲೆಯಲ್ಲಿ ಅಡಿಕೆ ಕುಟ್ಟುತ್ತಿದ್ದ ಹುಡುಗಿಯ ಅಜ್ಜಿ ಕುಟ್ಟುವುದು ನಿಲ್ಲಿಸಿ ಕೇಳಿದಳು:

"ಅಷ್ಟೊತ್ತು ಕೆಳಗಿಳಿಯಂಗಿಲ್ಲ ಅಂತೀಯ. ಒಂದಕ್ಕೆ ಬಂದ್ರೆ ಏನ್ ಮಾಡೀಯ ಮಗ?"

"ಬರೋದೇ ಇಲ್ಲ ಅಜ್ಜಿ. ಒಳಗೆ ಅಷ್ಟು ಸೆಕೆ. ಎಲ್ಲಾ ಬೆವರಾಗಿ ಹೋಗಿಬಿಡುತ್ತೆ."

"ಅಯ್ಯೋ ಪಾಪ" ಎಂದು ಅಜ್ಜಿ ನನ್ನ ಕೈಗೆ ಇನ್ನೊಂದು ಲೋಟ ಮಜ್ಜಿಗೆ ಕೊಡಿಸಿದಳು. ಬಾಗಿಲ ಹಿಂದಿನಿಂದ ಹುಡುಗಿ ನಕ್ಕದ್ದು ಕೇಳಿಸಿತು. ಆ ನಗುವಿಗೆ ನಾನು ಅಲ್ಲೇ ಬಿದ್ದುಹೋದೆ.

ಅವಳ ಅಪ್ಪ ಮಾತ್ರ ಬೀಳಲಿಲ್ಲ. "ಬ್ಯಾಸಾಯ ಆಗಿದ್ರೆ ಹೊಲ ನೋಡ್ಬುಟ್ಟು ಹೆಣ್ ಕೊಡ್ತಿದ್ದೆ. ಇದ್ನೂ ನೋಡ್ಬುಟ್ಟೇ ಕೊಡೋದು" ಎಂದು ತೀರ್ಪು ಕೊಟ್ಟರು. ಮುಂದಿನ ರೇಸಿಗೆ ಅವರನ್ನು ಕರೆತರುವ ಹೊಣೆ ಸೋದರಮಾವನ ಮೇಲೆ ಬಿತ್ತು.

ರೇಸಿನ ದಿನ ಇಬ್ಬರೂ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಬುತ್ತಿಗಂಟಿನೊಂದಿಗೆ ಗೆಲುವಿನ ಗೆರೆಯ ಎದುರಿಗೇ ಗ್ಯಾಲರಿಯಲ್ಲಿ ಕೂತರು. ಆಮೇಲೆ ಅಲ್ಲಿ ನಡೆದದ್ದನ್ನೆಲ್ಲ ಮಾವನೇ ನನಗೆ ಹೇಳಿದ್ದು. ಹುಡುಗಿಯ ಅಪ್ಪನ ಹತ್ತಿರ ಹೊಸ ಮೊಬೈಲಿತ್ತು. ನಮ್ಮ ಕಾರು ಎದುರಿಗೆ ಹಾದುಹೋದಾಗಲೆಲ್ಲ ಅವರು ಮಗಳಿಗೆ ಫೋನು ಹಚ್ಚಿ ವರದಿ ಒಪ್ಪಿಸುತ್ತಿದ್ದರಂತೆ. "ಬಂದ ಕಣವ್ವ. ಹೋದ ಕಣವ್ವ. ತಿರ್ಗ ಬಂದ."

ಆ ರೇಸಿನಲ್ಲಿ ದೊಡ್ಡ ಎಂಜಿನ್ನಿನ ಕಾರುಗಳೂ ನಮ್ಮಂಥ ಚಿಕ್ಕ ಎಂಜಿನ್ನಿನವೂ ಒಟ್ಟಿಗೇ ಓಡುತ್ತವೆ. ಬಹುಮಾನ ಮಾತ್ರ ದರ್ಜೆಗೆ ತಕ್ಕಂತೆ ಬೇರೆ ಬೇರೆ. ಹಿಂದಿನಿಂದ ದೊಡ್ಡ ಕಾರು ಬಂದರೆ ನಮಗೆ ನೀಲಿ ಬಾವುಟ ತೋರಿಸುತ್ತಾರೆ, ದಾರಿ ಬಿಡಬೇಕು. ನಾನು ಬಿಟ್ಟೆ. ಹುಡುಗಿಯ ಅಪ್ಪನಿಗೆ ಇದು ಸಹಿಸಲಾಗಲಿಲ್ಲ. "ಆ ಹಳದಿ ಗಾಡಿ ಇವ್ನ ಬದಿಗೊತ್ಕೊಂಡು ಹೋಗ್ತಾ ಐತೆ, ಇವ್ನು ಬನ್ನಿ ಸ್ವಾಮಿ ಅಂತ ದಾರಿ ಬುಡ್ತಾನಲ್ಲ! ಹೊಲದ ಬದು ಒತ್ತೋರ್ಗೂ ಹಿಂಗೇ ಬುಟ್ಕೊಡ್ತಾನಾ?"

"ಒಳ್ಳೆ ಸಂಸ್ಕಾರ" ಎಂದನಂತೆ ನಮ್ಮ ಮಾವ. ಅವನಿಗೂ ಏನೂ ತಿಳಿದಿರಲಿಲ್ಲ.

ಕೊನೆಯ ಪಾಳಿ ನನ್ನದು. ನಮ್ಮ ದರ್ಜೆಯಲ್ಲಿ ಇದ್ದದ್ದೇ ನಾಲ್ಕು ಕಾರು. ನಾವು ಮೂರನೆಯವರಾಗಿ ಓಡುತ್ತಿದ್ದೆವು. ನಾಲ್ಕನೆಯವರು ಬೆಳಿಗ್ಗೆಯೇ ಗೇರ್‌ಬಾಕ್ಸ್ ಕೆಟ್ಟು, ಅದನ್ನು ರಿಪೇರಿ ಮಾಡಿಸಿಕೊಂಡು ಬಹಳ ಸುತ್ತು ಹಿಂದೆ ಬಿದ್ದಿದ್ದರು. ರೇಸು ಮುಗಿಯಲು ಸ್ವಲ್ಪವೇ ಹೊತ್ತಿರುವಾಗ ನನ್ನ ರೇಡಿಯೇಟರಿಗೆ ಕಲ್ಲೊಂದು ಬಡಿದು ನೀರು ಸೋರತೊಡಗಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರಿತು. ಕಾಲಬುಡದಲ್ಲಿ ಒಲೆ ಹೊತ್ತಿಸಿದ ಹಾಗೆ. ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಯಜಮಾನರ ದನಿ ಬಂತು.

"ಇನ್ನೊಂದು ಸುತ್ತು ಹೋದ್ರೆ ಎಂಜಿನ್ ಸಾಯುತ್ತೆ. ಕೇಳು. ಗೆರೆಗಿಂತ ಒಸಿ ಮುಂಚೆ, ಗೋಡೆಗೆ ಒತ್ತಿ ನಿಲ್ಸು. ಎಂಜಿನ್ ಆರ್ಸು. ಹಿಂದಿನೋರು ನಮ್ಮನ್ನ ಮುಟ್ಟೋಕಾಗಲ್ಲ. ಆದ್ರೆ ಕೊನೇ ಬಾವುಟ ಬಿದ್ಮೇಲೆ ನಮ್ಮ ಗಾಡಿ ತಾನಾಗಿ ಗೆರೆ ದಾಟ್ಬೇಕು. ದಾಟ್ಲಿಲ್ಲ ಅಂದ್ರೆ ನಾವು ಓಡಿದ್ದು ಲೆಕ್ಕಕ್ಕೇ ಇಲ್ಲ."

ಹಾಗೆಯೇ ಮಾಡಿದೆ. ಗೆರೆ ಕಣ್ಣೆದುರಿಗೇ ಕಾಣುತ್ತಿತ್ತು. ಎಂಜಿನ್ ಆರಿಸಿ, ಸ್ಟೀರಿಂಗ್ ಹಿಡಿದು ಕೂತೆ. ಪಕ್ಕದಲ್ಲಿ ಬೇರೆ ಕಾರುಗಳು ಜುಂಯ್ ಎಂದು ಹೋಗುತ್ತಿದ್ದವು. ಮೈಯೆಲ್ಲ ಬೆವರು. ಕುಡಿಯುವ ನೀರಿನ ಕೊಳವೆ ಚೀಪಿದರೆ ಕಾಫಿಯಷ್ಟು ಬಿಸಿ ನೀರು ಬಂತು, ಕಾಫಿಪುಡಿ ಒಂದೇ ಕಡಿಮೆ.

ಗ್ಯಾಲರಿಯಲ್ಲಿ ಹುಡುಗಿಯ ಅಪ್ಪ ಎದ್ದು ನಿಂತರು.

"ಲೇ! ನಿಂತ್ಬುಟ್ಟ! ಇನ್ನೇನ್ ನಾಕ್ ಮಾರು ಐತೆ, ನಿಂತ್ಬುಟ್ನಲ್ಲ! ನಿದ್ದೆ ಹೋಗ್ಬುಟ್ಟವ್ನಾ?" ಕೈ ಬೀಸಿದರು, ಸಿಳ್ಳೆ ಹಾಕಿದರು, ಟವಲು ತಿರುಗಿಸಿದರು. ಜಗ್ಗದ ಎತ್ತನ್ನು ಎಬ್ಬಿಸುವಾಗ ಆಡುವ ಮಾತುಗಳನ್ನೂ ಆಡಿದರಂತೆ, ಮಾವ ಅವನ್ನು ನನಗೆ ಪೂರ್ತಿ ಹೇಳಲಿಲ್ಲ. ಕೊನೆಗೆ ಮಗಳಿಗೆ ಫೋನು ಹಚ್ಚಿದರು. "ಮುಗೀತು ಕಣವ್ವ. ಗೆರೆ ಮುಂದೆ ನಿಂತವ್ನೆ. ಮುಂದಕ್ ಹೋಗೋಕೆ ಧೈರ್ಯ ಇಲ್ಲ ಇವ್ನಿಗೆ. ಈ ಸಂಬಂಧ ಬ್ಯಾಡ."

ಅವಳು ಹೇಳಿದ ಮಾತು, ಸ್ಪೀಕರ್ ಜೋರಾಗಿದ್ದುದರಿಂದ, ಮಾವನಿಗೂ ಕೇಳಿಸಿತಂತೆ: "ಅಪ್ಪಾ, ಬೆಳಿಗ್ಗೆಯಿಂದ ಓಡಿಸಿದೋರು ಸುಮ್ನೆ ನಿಂತ್ಕೊಳಲ್ಲ. ಏನೋ ಕಾರಣ ಇರ್ತದೆ. ಕೂಗ್ಬೇಡಿ, ಕೂತ್ಕೊಂಡು ನೋಡಿ."

ಅವರು ಕೂತರು. ಮೊದಲನೆಯ ಕಾರು ಬಂತು, ಕರಿಬಿಳಿ ಚೌಕಗಳ ಬಾವುಟ ಬಿತ್ತು. ನಾನು ಮನೆದೇವರನ್ನು ನೆನೆದು ಸ್ಟಾರ್ಟ್ ಮಾಡಿದೆ. ಎಂಜಿನ್ ಮುಲುಗಿತು, ಕೆಮ್ಮಿತು, ಹೊಗೆಯಂತೆ ಹಬೆ ಕಕ್ಕಿತು, ಹತ್ತಿತು. ಮೊದಲ ಗೇರಿನಲ್ಲಿ, ಎತ್ತಿನಗಾಡಿಗೂ ಅವಮಾನವಾಗುವಷ್ಟು ನಿಧಾನವಾಗಿ, ಗೆರೆ ದಾಟಿದೆ. ದಾಟಿದ ಮೇಲೆ ಕಾರು ತಾನೇ ನಿಂತಿತು, ಆವತ್ತು ಮತ್ತೆ ಏಳಲಿಲ್ಲ.

ಬಹುಮಾನದ ಮೆಟ್ಟಿಲ ಮೇಲೆ ಮೂರನೆಯ ಜಾಗದಲ್ಲಿ ನಾವು ಮೂವರೂ ಗೆದ್ದ ಕಪ್ಪನ್ನು ಹಿಡಿದು ನಿಂತೆವು. ಇಳಿದು ಬಂದಾಗ ಹುಡುಗಿಯ ಅಪ್ಪ ಬಿರಬಿರನೆ ಎದುರಿಗೆ ಬಂದರು. ನಾನು ನಿಂತದ್ದೇಕೆ ಎಂದು ವಿವರಿಸಿದೆ. ಮೀಸೆಯ ಮೇಲೆ ಬೆರಳಾಡಿಸುತ್ತಾ ಪೂರ್ತಿ ಕೇಳಿದರು.

"ಅಂದ್ರೆ ಮುಂದ್ಗಡೆ ಬಹುಮಾನ ಕಾಣ್ತಾ ಐತೆ, ಹೋಗ್ಬ್ಯಾಡ ಅಂದ್ರು, ನೀನು ಕುಂತಿದ್ದೆ?"

"ಹೂಂ."

"ನನ್ ಕೈಲಿ ಆಗ್ತಿರ್ಲಿಲ್ಲ" ಎಂದರು ಅವರು. ಮೊದಲ ಸಲ ಅವರ ದನಿ ಸಣ್ಣದಾಗಿತ್ತು. ಆಮೇಲೆ ನನ್ನ ಕೈಯಿಂದ ಕಪ್ಪು ತೆಗೆದುಕೊಂಡು, "ಇದ್ನ ಊರ್ಗೆ ಒಯ್ದು ತೋರುಸ್ತೀನಿ" ಎಂದರು. ತಂಡದ ಕಪ್ಪು ಅದು, ಯಜಮಾನರಿಗೆ ಸೇರಿದ್ದು. ಆದರೆ ಆ ಮೀಸೆಯಿಂದ ವಾಪಸ್ ಕೇಳುವ ಧೈರ್ಯ ನಮ್ಮ ತಂಡದಲ್ಲಿ ಯಾರಿಗೂ ಇರಲಿಲ್ಲ. ಬೈರಾಪಟ್ಟಣದಲ್ಲಿ ಅವರು ಅದನ್ನು ಮನೆಮನೆಗೂ ಒಯ್ದರು. ಎಷ್ಟು ಗಾಡಿ ಓಡಿದ್ದವು ಎಂದು ಕೇಳಿದವರಿಗೆಲ್ಲ ಟ್ರ್ಯಾಕಿನ ಮೇಲಿದ್ದ ಅಷ್ಟೂ ಗಾಡಿಗಳ ಲೆಕ್ಕ ಹೇಳಿದರು. ನಮ್ಮ ದರ್ಜೆಯಲ್ಲಿ ನಾಲ್ಕೇ ಇದ್ದವು ಎಂಬ ಸಂಗತಿ ಆ ಊರಿಗೆ ಇವತ್ತಿಗೂ ಗೊತ್ತಿಲ್ಲ.

ಮದುವೆ ಚನ್ನಪಟ್ಟಣದ ಛತ್ರದಲ್ಲಾಯಿತು. ಮೆರವಣಿಗೆಗೆ ಹೂವಿನಿಂದ ಮುಚ್ಚಿದ ಹಳೆಯ ತೆರೆದ ಕಾರು ತರಿಸಿದ್ದರು. "ಅಳಿಯ ಇರ್ಬೇಕಾದ್ರೆ ಇನ್ನೊಬ್ಬ ಡ್ರೈವರ್ರಾ?" ಎಂದು, ಈಗ ನನಗೆ ಮಾವನವರಾಗಿದ್ದ ಹುಡುಗಿಯ ಅಪ್ಪ ಬಾಡಿಗೆ ಡ್ರೈವರನ್ನು ಇಳಿಸಿ, ಬಾಸಿಂಗ ಕಟ್ಟಿದ್ದ ನನ್ನನ್ನೇ ಸ್ಟೀರಿಂಗಿಗೆ ಕೂರಿಸಿದರು. ಮುಂದೆ ಬ್ಯಾಂಡ್‌ಸೆಟ್ಟು, ಅದರ ಮುಂದೆ ಕುಣಿಯುವವರು. ಅವರು ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದೆ ಬರುತ್ತಿದ್ದರು. ಕ್ಲಚ್ ಒತ್ತಿ ಒತ್ತಿ ಕಾಲು ಮರಗಟ್ಟಿತು. ಬೊಂಬೆ ಅಂಗಡಿಗಳ ಸಾಲಿನ ಹತ್ತಿರ ಕ್ಲಚ್ ಸುಟ್ಟ ವಾಸನೆ ಬಂತು, ಕಾರು ನಿಂತೇ ಹೋಯಿತು. ಕುಣಿಯುತ್ತಿದ್ದವರೇ ಬಂದು ಹಿಂದಿನಿಂದ ತಳ್ಳತೊಡಗಿದರು. ಬ್ಯಾಂಡಿನವರು ಮಾತ್ರ ನಿಲ್ಲಿಸಲಿಲ್ಲ.

ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ನನ್ನ ಹೆಂಡತಿ, ಮದುವೆಯಾದ ಮೇಲೆ ಮೊದಲ ಬಾರಿಗೆ ನನ್ನೊಡನೆ ಮಾತಾಡಿದಳು.

"ರೇಸಲ್ಲೂ ಹಿಂಗೇ ತಳ್ತಾರಾ?"

"ಇಲ್ಲ. ತಳ್ಳಿದರೆ ರೇಸಿನಿಂದ ತೆಗೆದುಹಾಕ್ತಾರೆ" ಎಂದೆ.

ಅವಳು ಸೆರಗು ಬಾಯಿಗೆ ಒತ್ತಿ ಹಿಡಿದಳು. ಭುಜ ಅಲ್ಲಾಡುತ್ತಿದ್ದುದನ್ನು ನೋಡಿ ಹೆಂಗಸರೆಲ್ಲ, ಪಾಪ, ತವರು ಬಿಡುವ ದುಃಖಕ್ಕೆ ಅಳುತ್ತಿದ್ದಾಳೆ ಎಂದುಕೊಂಡರು.