ಫಿಟ್ಟರ್ ಬಿಟ್ಟುಹೋದ ಬೀಗ

ಕ್ರಷರಿನ ಪ್ಯಾನೆಲ್ ರೂಮಿನಲ್ಲಿ ಕೂರುವುದು ನನ್ನ ಕೆಲಸ. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಒಂದು ಕಲ್ಲುಗಣಿ ಸಿಗುತ್ತದೆ. ಅದರ ಪಕ್ಕದಲ್ಲೇ ನಮ್ಮ ಕ್ರಷರ್. ಗಣಿಯಿಂದ ಟಿಪ್ಪರಿನಲ್ಲಿ ಬಂದ ಕಲ್ಲು ಯಂತ್ರದ ಬಾಯಿಗೆ ಬಿದ್ದು, ಒಡೆದು, ಉದ್ದನೆಯ ರಬ್ಬರ್ ಬೆಲ್ಟ್ ಹತ್ತಿ ಮೇಲೆ ಹೋಗಿ, ಜರಡಿ ಹಿಡಿಸಿಕೊಂಡು ಜಲ್ಲಿಯಾಗಿ ರಾಶಿ ಬೀಳುತ್ತದೆ. ಇಷ್ಟೂ ಶುರುವಾಗುವುದು ನಾನು ಸೈರನ್ ಹಾಕಿ ಹಸಿರು ಬಟನ್ ಒತ್ತಿದ ಮೇಲೆ. ಸಾಗರದಲ್ಲಿ ಐಟಿಐ ಓದುವಾಗ ಎಲೆಕ್ಟ್ರಿಷಿಯನ್ ಕೋರ್ಸಿನಲ್ಲಿದ್ದ ಹೆಣ್ಣುಮಗಳು ನಾನೊಬ್ಬಳೇ. ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ, ನಿನಗೇನು ಕಷ್ಟ ಎಂದು ಮನೆಯಲ್ಲಿ ಕೇಳುತ್ತಾರೆ. ಸಂಜೆ ಬಸ್ಸು ಹತ್ತುವಾಗ ನನ್ನಲ್ಲಿ ಮಾತಾಡುವಷ್ಟೂ ತ್ರಾಣ ಉಳಿದಿರುವುದಿಲ್ಲ. ಕಲ್ಲು ಹೊತ್ತವರ ಆಯಾಸ ಒಂದು ಥರ. ನನ್ನ ಕಿಟಕಿಯಿಂದ ಕಾಣದ ಜಾಗದಲ್ಲಿ ಯಾರೂ ಇಲ್ಲ ಎಂದು ನಂಬಿ ಬಟನ್ ಒತ್ತುವವಳ ಆಯಾಸ ಇನ್ನೊಂದು ಥರ.

ನಾನು ಸೇರಿದ ಹೊಸದರಲ್ಲಿ ಬೀಗ ಗೀಗ ಏನೂ ಇರಲಿಲ್ಲ. ರಿಪೇರಿಗೆ ಯಂತ್ರದೊಳಗೆ ಇಳಿಯುವವರು ಮೇನ್ ಸ್ವಿಚ್ ಇಳಿಸಿ, ಅದರ ಹಿಡಿಗೆ ಒಂದು ಬಟ್ಟೆ ಚೂರು ಕಟ್ಟಿ, "ಹಾಕ್ಬೇಡ ಮಾರಾಯ್ತಿ, ನಾನು ಒಳಗಿದೀನಿ" ಎಂದು ಹೇಳಿ ಹೋಗುತ್ತಿದ್ದರು. ಆಮೇಲೆ ಬೇರೆ ಯಾವುದೋ ಗಣಿಯಲ್ಲಿ ಒಬ್ಬ ಬೆಲ್ಟಿನಡಿ ಕೈ ಹಾಕಿದ್ದಾಗ ಇನ್ನೊಬ್ಬ ಸ್ವಿಚ್ ಏರಿಸಿದನಂತೆ. ಆ ಸುದ್ದಿ ಕೇಳಿ ನಮ್ಮ ಧಣಿಗಳು ಹೆದರಿದರು. ತರಬೇತಿ ಕೊಡುವವರನ್ನು ಕರೆಸಿದರು. ಯಂತ್ರಕ್ಕೆ ಕೈಹಾಕುವ ಪ್ರತಿಯೊಬ್ಬರಿಗೂ ಒಂದೊಂದು ಕೆಂಪು ಬೀಗ, ಫೋಟೊ ಇರುವ ಒಂದು ಚೀಟಿ ಬಂತು. ಕರೆಂಟು ತೆಗೆದು, ಇಳಿಸಿದ ಸ್ವಿಚ್ಚಿಗೆ ನಿನ್ನ ಬೀಗ ನೀನೇ ಹಾಕು, ಚೀಟಿ ನೇತುಹಾಕು, ಬೀಗದಕೈ ನಿನ್ನ ಜೇಬಿನಲ್ಲೇ ಇರಲಿ. ಆಮೇಲೆ ಬಟನ್ ಒತ್ತಿ ನೋಡು, ಯಂತ್ರ ಅಲುಗಬಾರದು. ಕೆಲಸ ಮುಗಿದ ಮೇಲೆ ಹಾಕಿದವನೇ ತೆಗೆಯಬೇಕು. ನಿಯಮ ಇಷ್ಟೇ. ಆದರೆ ಅದನ್ನು ದಿನವೂ ಕಾಯುವುದು ಇಷ್ಟೇ ಅಲ್ಲ. "ಐದ್ನಿಮಿಷದ ಕೆಲ್ಸ ಅಕ್ಕ, ಬೀಗ ಎಂತಕ್ಕೆ" ಎನ್ನುವವರ ಹತ್ತಿರ ದಿನಾ ಅದೇ ಮಾತು, ಅದೇ ಮುಖ ಗಂಟಿಕ್ಕಿಕೊಳ್ಳುವುದು. ತಕರಾರಿಲ್ಲದೆ ಬೀಗ ಹಾಕುತ್ತಿದ್ದವರು ಯಂತ್ರ ಬಿಚ್ಚಿ ಜೋಡಿಸುವ ನಮ್ಮ ಫಿಟ್ಟರ್ ಒಬ್ಬರೇ. ಹುಂಚದ ಕಡೆಯ ಜೈನರು, ನಲವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ.

ಒಂದು ಬೇಸಿಗೆಯ ಬೆಳಿಗ್ಗೆ ನಾನು ಬರುವಾಗ ಮುಖ್ಯ ಬೆಲ್ಟಿನ ಸ್ವಿಚ್ಚಿನಲ್ಲಿ ಫಿಟ್ಟರ ಬೀಗ ಹಾಗೇ ತೂಗುತ್ತಿತ್ತು. ಹಿಂದಿನ ಸಂಜೆ ನಾನು ಬಸ್ಸಿಗೆ ಹೊರಡುವಾಗ ಅವರು ಬೆಲ್ಟಿನ ಮೋಟಾರಿನ ಹತ್ತಿರ ಕೆಲಸ ಮಾಡುತ್ತಿದ್ದುದನ್ನು ನೋಡಿದ್ದೆ. ಈಗ ಅವರಿಲ್ಲ, ಅವರ ಬೈಕಿಲ್ಲ. ಫೋನ್ ಮಾಡಿದರೆ ಸ್ವಿಚ್ ಆಫ್. ಹೊರಗೆ ರಸ್ತೆ ಕೆಲಸದ ಟಿಪ್ಪರುಗಳು ಜಲ್ಲಿಗಾಗಿ ಸಾಲುಗಟ್ಟಿದ್ದವು.

ಮ್ಯಾನೇಜರು ಶಿವಮೊಗ್ಗದವರು. ಕೆಟ್ಟವರಲ್ಲ. ಬೆಳಗಾದರೆ ಧಣಿಗಳ ಫೋನು, ಕಂಟ್ರಾಕ್ಟರರ ಫೋನು. ಎರಡರ ನಡುವೆ ಅವರಿಗೂ ಉಸಿರು ಬಿಡಲು ಪುರುಸೊತ್ತಿರಲಿಲ್ಲ. ಅವರು ಬಂದು ಬೀಗ ನೋಡಿ, "ಮರೆತು ಹೋಗಿದಾರೆ ಅಷ್ಟೇ. ಕಟರ್ ತರ್ಸಿ" ಎಂದರು.

"ಮೊದ್ಲು ಒಳಗೆ ಯಾರಾದ್ರೂ ಇದಾರಾ ನೋಡೋಣ ಸಾರ್" ಎಂದೆ.

ನೋಡಿದೆವು. ಬೆಲ್ಟಿನ ಉದ್ದಕ್ಕೂ ಹತ್ತಿ ಇಳಿದೆವು. ಬೆಲ್ಟಿನ ಮೇಲೆ ಹಿಂದಿನ ದಿನದ ಕಲ್ಲು ಹಾಗೇ ತುಂಬಿತ್ತು. ಯಾರೂ ಇರಲಿಲ್ಲ. ಮೋಟಾರಿನ ಹತ್ತಿರವೂ ಎಲ್ಲ ಸರಿಯಾಗಿಯೇ ಇದ್ದಂತಿತ್ತು. ತಿರುಗುವ ಭಾಗಕ್ಕೆ ಹಾಕುವ ತಗಡಿನ ಮುಚ್ಚಳ ಕೂಡ ಅದರ ಜಾಗದಲ್ಲೇ ಇತ್ತು.

"ಕೆಲ್ಸ ಮುಗ್ಸೇ ಹೋಗಿದಾರೆ. ಇನ್ನೇನಮ್ಮ?" ಎಂದರು ಮ್ಯಾನೇಜರು.

"ಅವ್ರ ಹತ್ರ ಮಾತಾಡ್ದೆ ಬೀಗ ಒಡ್ಯೋ ಹಾಗಿಲ್ಲ ಸಾರ್. ನೀವೇ ಅವತ್ತು ತರಬೇತಿಲಿ ಕೂತಿದ್ರಿ."

"ಫೋನ್ ತೆಗೀದಿದ್ರೆ ನಾನೇನು ಮಾಡ್ಲಿ?"

ಫಿಟ್ಟರು ನಿಜಕ್ಕೂ ಮರೆತಿರಬಹುದು ಎಂದು ನನಗೂ ಅನ್ನಿಸುತ್ತಿತ್ತು. ಆದರೂ ಆ ಬೀಗ ಒಡೆದು ಬಟನ್ ಒತ್ತಲು ಮನಸ್ಸು ಬರಲಿಲ್ಲ. "ನಾನು ಹುಂಚಕ್ಕೆ ಹೋಗಿ ಕೇಳ್ಕೊಂಡು ಬರ್ತೀನಿ" ಎಂದುಬಿಟ್ಟೆ. ಮ್ಯಾನೇಜರು ಟಿಪ್ಪರುಗಳ ಸಾಲಿನತ್ತ ನೋಡಿ, "ಮಧ್ಯಾಹ್ನದೊಳಗೆ ಫೋನ್ ಬರ್ಬೇಕು. ಇಲ್ದಿದ್ರೆ ನಾನು ಶುರು ಮಾಡೋನೇ" ಎಂದರು.

ನಾನು ಡ್ರಾಯರಿನಿಂದ ನನ್ನ ಬೀಗ ತೆಗೆದು ಫಿಟ್ಟರ ಬೀಗದ ಪಕ್ಕದಲ್ಲಿ ಹಾಕಿದೆ.

"ಇದ್ಯಾಕೆ ಮತ್ತೆ?"

"ಅದೇ ಬೆಲ್ಟಿನ ಕೆಲ್ಸಕ್ಕೇ ಹೋಗ್ತಿದೀನಲ್ಲ ಸಾರ್. ಮುಗ್ಸಿ ಬಂದು ತೆಗೀತೀನಿ."

ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಹಣೆ ಒತ್ತಿಕೊಂಡು ಹೊರಗೆ ಹೋದರು.

ಬಸ್ಸಿನಲ್ಲಿ ನಿಂತುಕೊಂಡೇ ಹೊಸನಗರ ಮುಟ್ಟಿದೆ. ಅಲ್ಲಿಂದ ಹುಂಚದ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕಿಟಕಿಯ ಪಕ್ಕ ಕೂತರೂ ತಲೆಯಲ್ಲಿ ಪ್ಯಾನೆಲ್ ರೂಮೇ. ಒಂದು ಬೀಗ ಒಡೆಯುವವರಿಗೆ ಎರಡನೆಯದು ದೊಡ್ಡದಲ್ಲ. ಬಟನ್ ಒತ್ತಲು ಮ್ಯಾನೇಜರಿಗೂ ಬರುತ್ತದೆ. ದಾರಿಯಲ್ಲಿ ಮೊಬೈಲಿಗೆ ನೆಟ್‌ವರ್ಕೂ ಇರಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಎಂದು ಒಂದಷ್ಟು ದೂರ ಯೋಚಿಸಿದೆ. ಆಮೇಲೆ ಅದನ್ನು ಯೋಚಿಸಲೂ ಸಾಕಾಯಿತು. ನಿದ್ದೆ ಹತ್ತಿತು. ಹುಂಚದಲ್ಲಿ ಕಂಡಕ್ಟರೇ ಎಬ್ಬಿಸಿದರು.

ಬಸ್ಸಿಳಿದು ಕೇಳಿಕೊಂಡು ಹೋದೆ. ಮನೆ ಸಿಗುವುದು ಕಷ್ಟವಾಗಲಿಲ್ಲ. ಫಿಟ್ಟರ ಹೆಂಡತಿ ಒಂದು ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ನಾನು ಎಲ್ಲಿಂದ ಬಂದವಳು ಎಂದು ಹೇಳುತ್ತಿದ್ದಂತೆ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟರು.

"ಅಲ್ಲೇನಾದ್ರೂ ಆಯ್ತಾ ಅಕ್ಕ?"

"ಏನೂ ಆಗಿಲ್ಲ. ಅವ್ರನ್ನ ಕೇಳ್ಕೊಂಡು ಬಂದೆ."

"ಮಾವನಿಗೆ ನಿನ್ನೆ ಸಂಜೆ ಒಂದು ಬದಿ ಕೈಕಾಲು ಬಿದ್ದೋಯ್ತು. ತೀರ್ಥಹಳ್ಳಿ ಆಸ್ಪತ್ರೆಲಿದಾರೆ. ಇವ್ರು ಸುದ್ದಿ ತಿಳಿದೋರು ಕ್ರಷರಿಂದ ಸೀದಾ ಅಲ್ಲಿಗೇ ಹೋದ್ರು. ನಾನೂ ಈಗ ಹೊರಟೆ."

ಇಂಥ ಮನೆಗೆ ಬೀಗದ ಮಾತು ಎತ್ತಿಕೊಂಡು ಬಂದೆನಲ್ಲ ಎಂದು ನಾಚಿಕೆಯಾಯಿತು. ಆದರೆ ಹಿಂದಿರುಗುವಂತೆಯೂ ಇರಲಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೊರಟೆವು. ಅವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ರಾತ್ರಿಯಿಂದ ಅವ್ರು ಎಂತದೂ ತಿಂದಿರಲ್ಲ" ಎಂದು ಒಮ್ಮೆ ಹೇಳಿದರು, ನನಗೋ ತಮಗೋ ತಿಳಿಯಲಿಲ್ಲ.

ಆಸ್ಪತ್ರೆಯ ವಾರ್ಡಿನ ಹೊರಗೆ ಬೆಂಚಿನ ಮೇಲೆ ಫಿಟ್ಟರು ಗೋಡೆಗೆ ತಲೆ ಆನಿಸಿ ಕೂತಿದ್ದರು. ಗ್ರೀಸು ಮೆತ್ತಿದ ಅದೇ ಅಂಗಿ. ಹೆಂಡತಿಯನ್ನು ಒಳಗೆ ಕಳಿಸಿ ನನ್ನತ್ತ ನೋಡಿದರು. ಅಪ್ಪಯ್ಯ ಹೇಗಿದ್ದಾರೆ ಎಂದು ಕೇಳಿದೆ.

"ಜೀವಕ್ಕೆ ತೊಂದ್ರೆ ಇಲ್ಲ ಅಂದ್ರು. ಮಾತು ತೊದಲ್ತದೆ." ಆಮೇಲೆ ನೆಟ್ಟಗೆ ಕೂತು, "ಬೆಲ್ಟ್ ಹಾಕಿದ್ರಾ?" ಎಂದರು.

"ಇಲ್ಲ. ನಿಮ್ಮ ಬೀಗ ಇದೆ."

ಅವರು ಎರಡೂ ಅಂಗೈಯಿಂದ ಮುಖ ಉಜ್ಜಿಕೊಂಡರು. "ಮೋಟಾರಿಗೂ ಗೇರ್ ಬಾಕ್ಸಿಗೂ ನಡುವಿನ ಜೋಡಣೆ ಬಿಚ್ಚಿದೀನಿ ಅಕ್ಕ. ಬೋಲ್ಟ್ ಬರೇ ಎರಡು ಸಿಕ್ಕಿಸಿದ್ದೆ, ಅದೂ ಬಿಗಿ ಮಾಡಿಲ್ಲ. ಅಷ್ಟ್ರಲ್ಲಿ ಫೋನ್ ಬಂತು. ನಾಯಿ ಮರಿಗಳು ಬಂದು ಒಳಗೆ ಮಲಗ್ತಾವೆ ಅಂತ ಮುಚ್ಚಳ ಮುಚ್ಚಿದೆ. ಬೀಗ ಇದ್ಯಲ್ಲ, ಯಾರೂ ಹಾಕಲ್ಲ ಅಂತ ಧೈರ್ಯ. ರಾತ್ರಿ ಹೇಳಣ ಅಂದ್ರೆ ಮೊಬೈಲಲ್ಲಿ ಚಾರ್ಜಿಲ್ಲ. ಆಮೇಲೆ ನೆನಪೇ ಹೋಯ್ತು."

ನಾನು ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತೆ. ಇಳಿಜಾರಿನ ಬೆಲ್ಟ್, ಅದರ ತುಂಬ ಕಲ್ಲು. ಬಟನ್ ಒತ್ತಿದ್ದರೆ ಆ ಎರಡು ಬೋಲ್ಟು ಕಿತ್ತು, ಅವುಗಳ ಆಸರೆಯಲ್ಲೇ ನಿಂತಿದ್ದ ಬೆಲ್ಟು ಹಿಂದಕ್ಕೆ ಓಡಿ, ಅಷ್ಟೂ ಕಲ್ಲು ಕೆಳತುದಿಗೆ ಸುರಿಯುತ್ತಿತ್ತು. ಬೆಳಿಗ್ಗೆ ಬೆಲ್ಟು ಶುರುವಾದ ಕೂಡಲೇ ಕೆಳತುದಿಯಲ್ಲಿ ಬಿದ್ದ ಜಲ್ಲಿ ಬಾಚಲು ಇಬ್ಬರು ಹೆಂಗಸರು ನಿಲ್ಲುತ್ತಾರೆ. ನನ್ನ ಕಿಟಕಿಯಿಂದ ಅವರು ಕಾಣುವುದಿಲ್ಲ.

ಆಸ್ಪತ್ರೆಯ ಅಂಗಳಕ್ಕೆ ಬಂದು ಮ್ಯಾನೇಜರಿಗೆ ಫೋನ್ ಮಾಡುವಾಗ ಮಧ್ಯಾಹ್ನ ದಾಟಿತ್ತು. ಎತ್ತುವುದು ತಡವಾಯಿತು. ಹಿಂದೆ ಯಂತ್ರದ ಸದ್ದು ಕೇಳುತ್ತದೇನೋ ಎಂದು ಕಿವಿಗೊಟ್ಟೆ. ಟಿಪ್ಪರಿನ ಹಾರ್ನ್ ಮಾತ್ರ ಕೇಳಿಸಿತು. ಇದ್ದದ್ದನ್ನು ಹೇಳಿದೆ.

"ಕಟರ್ ಟೇಬಲ್ ಮೇಲೇ ಇದೆ" ಎಂದರು. "ನಿಮ್ಮ ಬೀಗ ನೋಡಿ ಇನ್ನೊಂದು ಸ್ವಲ್ಪ ಹೊತ್ತು ಕಾಯಣ ಅಂತ ಕೂತಿದ್ದೆ." ಆಮೇಲೆ, "ಅವ್ರ ತಂದೆಗೆ ಹೇಗಿದೆ?" ಎಂದು ಕೇಳಿದರು.

ಒಳಗೆ ಬಂದಾಗ ಫಿಟ್ಟರು ಜೇಬಿನಿಂದ ಬೀಗದಕೈ ತೆಗೆದು ಹಿಡಿದುಕೊಂಡಿದ್ದರು. "ತಗೊಂಡೋಗಿ ಅಕ್ಕ. ಅಲ್ಲಿ ಎಲ್ರೂ ಕಾಯ್ತಿರ್ತಾರೆ."

"ಬೇಡ. ನಿಮ್ದು ನಿಮ್ಮ ಹತ್ರಾನೇ ಇರ್ಲಿ" ಎಂದೆ. ಅವರು ಒತ್ತಾಯಿಸಲಿಲ್ಲ. ಅಷ್ಟರಲ್ಲಿ ಹೆಂಡತಿ ಬಂದು ಇಡ್ಲಿ ಪೊಟ್ಟಣ ಬಿಚ್ಚಿ ಅವರ ಕೈಗಿಟ್ಟರು, ನನಗೂ ಒಂದು ಕೊಟ್ಟರು. ಮೂವರೂ ಅದೇ ಬೆಂಚಿನಲ್ಲಿ ಕೂತು ತಿಂದೆವು.

ಆ ದಿನ ಬೆಲ್ಟು ನಿಂತೇ ಇತ್ತು. ಮರುದಿನ ಮ್ಯಾನೇಜರು ಸಾಗರದಿಂದ ಬೇರೆ ಫಿಟ್ಟರನ್ನು ಕರೆಸಿದರು. ಬಂದವರು ಮೊದಲು ತಮ್ಮ ಬೀಗ ಹಾಕಿದರು. ಆಮೇಲೆ ನಮ್ಮ ಫಿಟ್ಟರಿಗೆ ಫೋನ್ ಮಾಡಿ, ಏನೇನು ಬಿಚ್ಚಿದೆ ಎಂದು ಎಲ್ಲರೂ ಕೇಳುವ ಹಾಗೆ ಹೇಳಿಸಿ, ನಮ್ಮವರು "ಆಯ್ತು, ಒಡೀರಿ" ಎಂದ ಮೇಲೆ ಹಳೆಯ ಬೀಗ ಕತ್ತರಿಸಿದ್ದಾಯಿತು. ಕತ್ತರಿಸಿದ್ದು ಮ್ಯಾನೇಜರೇ. ನನ್ನ ಬೀಗ ನಾನೇ ತೆಗೆದೆ. ಮುಚ್ಚಳ ತೆಗೆದಾಗ ಆ ಎರಡು ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಬಹುದಾಗಿತ್ತು. ಜಲ್ಲಿ ಬಾಚುವ ಹೆಂಗಸರೂ ಬಂದು ನೋಡಿದರು. ಅದರಲ್ಲಿ ಹಿರಿಯಳು, "ಇಷ್ಟ್ ಸಣ್ಣದಾ?" ಎಂದು ಕೇಳಿ, ಬುಟ್ಟಿ ಎತ್ತಿಕೊಂಡು ಹೋದಳು.

ಫಿಟ್ಟರು ಸುಮಾರು ದಿನ ಬರಲಿಲ್ಲ. ಬಂದಾಗ ಅರ್ಧ ಇಳಿದುಹೋಗಿದ್ದರು. ಅವರ ತಂದೆ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರಂತೆ.

ಒಮ್ಮೆ ಹೀಗೆ ಕಣ್ಣಾರೆ ಕಂಡ ಮೇಲೆ ಇನ್ನು ಯಾರೂ ವಾದ ಮಾಡುವುದಿಲ್ಲ, ನನಗೂ ಸ್ವಲ್ಪ ಹಗುರಾಗುತ್ತದೆ ಎಂದುಕೊಂಡಿದ್ದೆ. ಕೆಲವು ವಾರ ಹಾಗೇ ಇತ್ತು. ಆಮೇಲೆ ಹೊಸ ಹೆಲ್ಪರುಗಳು ಬಂದರು. ಹಳಬರಿಗೂ ನೆನಪು ಮಾಸಿತು. ಮೊನ್ನೆ ಜರಡಿಯಲ್ಲಿ ಕಲ್ಲು ಸಿಕ್ಕಿಕೊಂಡಾಗ ಒಬ್ಬ ಬರಿಗೈಯಲ್ಲಿ ಹತ್ತಲು ಹೊರಟ. ಕರೆದು ಅವನ ಬೀಗ ಕೊಟ್ಟೆ. "ಎರಡ್ನಿಮಿಷದ ಕೆಲ್ಸ ಅಕ್ಕ" ಎಂದ. ಮ್ಯಾನೇಜರು ಅಲ್ಲೇ ನಿಂತಿದ್ದರು. ನನ್ನ ಕಡೆ ನೋಡಲಿಲ್ಲ, ಗಡಿಯಾರದ ಕಡೆ ನೋಡಿದರು. ಆದರೆ ಅವನಿಗೆ, "ಹಾಕಪ್ಪ, ಹಾಕು" ಎಂದರು. ಅವನು ಗೊಣಗುತ್ತ ಹಾಕಿದ. ನಾನು ಬಟನ್ ಒತ್ತಿ, ಯಂತ್ರ ಅಲುಗದ್ದನ್ನು ನೋಡಿ, ಕುರ್ಚಿಗೆ ಒರಗಿ ಕೂತೆ.